ಕಾಕ್‌ಪಿಟ್ ಬಿಟ್ಟು ಮೇಜಿಗೆ ಬಂದ ಗಾರ್ಡನ್ ವೆಟ್

ವರದಿಗಾರಿಕೆಗೆ ಇಳಿದ ಹೊಸದರಲ್ಲೇ ನಮಗೆಲ್ಲ ಒಂದು ವಾಕ್ಯ ಬಾಯಿಪಾಠವಾಗಿಬಿಡುತ್ತದೆ. 'ಚಾಲಕನ ಅತಿವೇಗ ಮತ್ತು ಅಜಾಗರೂಕತೆಯೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ.' ಠಾಣೆಯ ಎಫ್‌ಐಆರ್‌ನಿಂದ ನಮ್ಮ ನೋಟ್‌ಬುಕ್ಕಿಗೆ, ಅಲ್ಲಿಂದ ಜಿಲ್ಲಾ ಪುಟಕ್ಕೆ ಆ ವಾಕ್ಯ ಹಾಗೆಹಾಗೇ ಹೋಗುತ್ತದೆ. ಚಾಲಕ ಸತ್ತಿದ್ದರಂತೂ ಇನ್ನೂ ಸಲೀಸು. ಅವನು ಎದ್ದು ಬಂದು 'ಹಾಗಲ್ಲ ಸ್ವಾಮಿ' ಎನ್ನುವುದಿಲ್ಲ. ತಿರುವಿನಲ್ಲಿ ಫಲಕ ಇತ್ತೇ, ಅವನು ಎಷ್ಟು ಹೊತ್ತಿನಿಂದ ಸ್ಟೇರಿಂಗ್ ಹಿಡಿದಿದ್ದ, ಆ ಕ್ಷಣದಲ್ಲಿ ಅವನ ಕಣ್ಣಿಗೆ ಏನು ಕಂಡಿತು ಎಂದು ಕೇಳುತ್ತಾ ಕೂರಲು ಡೆಡ್‌ಲೈನ್ ಬಿಡುವುದೂ ಇಲ್ಲ.

ವಿಮಾನಯಾನದಲ್ಲಿ ಈ ಪ್ರಶ್ನೆಗಳನ್ನು ಕೇಳುವುದಕ್ಕೆಂದೇ ಒಂದು ಉದ್ಯೋಗವಿದೆ. ವಿಮಾನ ಸಂಸ್ಥೆಗಳಲ್ಲಿ ಸುರಕ್ಷತಾ ವಿಭಾಗ ಇರುತ್ತದೆ. ಹಾರಿ ಬಂದ ವಿಮಾನಗಳ ದತ್ತಾಂಶ ಓದುವುದು, ಸಿಬ್ಬಂದಿ ಬರೆದುಕೊಟ್ಟ ವರದಿಗಳನ್ನು ನೋಡುವುದು, ಸಣ್ಣಪುಟ್ಟ ಎಡವಟ್ಟುಗಳ ಬೇರು ಹುಡುಕುವುದು, ಅಪಘಾತವಾದರೆ ತನಿಖೆಗೆ ಕೂರುವುದು ಅಲ್ಲಿನವರ ಕೆಲಸ. ಆ ಕುರ್ಚಿಗಳಲ್ಲಿ ಕೂತ ಅನೇಕರು ಒಂದು ಕಾಲದಲ್ಲಿ ತಾವೇ ಹಾರುತ್ತಿದ್ದವರು. ಕೆಲವರನ್ನು ವೈದ್ಯಕೀಯ ತಪಾಸಣೆ ನೆಲಕ್ಕೆ ಇಳಿಸಿರುತ್ತದೆ, ಕೆಲವರನ್ನು ವಯಸ್ಸು. ಕೆಲವರು ಮಾತ್ರ ಯಾರದೋ ಸಾವಿನ ಜಾಡು ಹಿಡಿದು ಅಲ್ಲಿಗೆ ಬಂದಿರುತ್ತಾರೆ. ನ್ಯೂಜಿಲೆಂಡಿನ ಕ್ಯಾಪ್ಟನ್ ಗಾರ್ಡನ್ ವೆಟ್ ಈ ಮೂರನೆಯ ಬಗೆಯವರು. ಅವರ ಕಥೆಯನ್ನು ಓದಿದ ಮೇಲೆ ನಮ್ಮ ಬಾಯಿಪಾಠದ ವಾಕ್ಯವನ್ನು ಮೊದಲಿನ ಹಾಗೆ ಬರೆಯುವುದು ನಮಗೆ ಕಷ್ಟವಾಗಿದೆ.

ವೆಟ್ ಹೆಸರು ಮೊದಲು ಸುದ್ದಿಯಾದದ್ದು ಅಪಘಾತದಿಂದಲ್ಲ, ಒಂದು ಜೀವ ಉಳಿಸಿದ್ದರಿಂದ. 1978ರ ಡಿಸೆಂಬರ್, ಕ್ರಿಸ್‌ಮಸ್‌ಗೆ ಮೂರ್ನಾಲ್ಕು ದಿನ ಇತ್ತು. ಜೇ ಪ್ರಾಕ್ನೋ ಎಂಬ ಅಮೆರಿಕದ ಪೈಲಟ್ ಔಷಧಿ ಸಿಂಪಡಿಸುವ ಪುಟ್ಟ ಸೆಸ್ನಾ ವಿಮಾನವೊಂದನ್ನು ಆಸ್ಟ್ರೇಲಿಯಾಕ್ಕೆ ತಲುಪಿಸಲು ಒಬ್ಬನೇ ಪೆಸಿಫಿಕ್ ಸಾಗರದ ಮೇಲೆ ಹೊರಟಿದ್ದ. ದಿಕ್ಕು ತೋರಿಸುವ ಉಪಕರಣ ಕೆಟ್ಟಿತು. ಇಳಿಯಬೇಕಿದ್ದ ನಾರ್ಫೋಕ್ ದ್ವೀಪ ಇರಬೇಕಾದ ಜಾಗದಲ್ಲಿ ನೀರು ಮಾತ್ರ ಕಂಡಿತು. ಆ ಹೊತ್ತಿನಲ್ಲಿ ಫಿಜಿಯಿಂದ ಆಕ್ಲೆಂಡ್‌ಗೆ 88 ಪ್ರಯಾಣಿಕರೊಂದಿಗೆ ಹೋಗುತ್ತಿದ್ದ ಏರ್ ನ್ಯೂಜಿಲೆಂಡ್‌ನ ಡಿಸಿ-10 ವಿಮಾನಕ್ಕೆ ನೆರವು ಕೇಳಿ ಸಂದೇಶ ಬಂತು. ಅದರ ಕ್ಯಾಪ್ಟನ್ ವೆಟ್.

ವೆಟ್ ಆ ಅಪರಿಚಿತನಿಗೆ ರೇಡಿಯೋದಲ್ಲಿ ಹೇಳಿದ್ದು ಇಷ್ಟು: ವಿಮಾನದ ಮೂತಿಯನ್ನು ಸೂರ್ಯನ ಕಡೆ ತಿರುಗಿಸು, ದಿಕ್ಸೂಚಿ ಎಷ್ಟು ತೋರಿಸುತ್ತದೆ ಹೇಳು. ಕೈ ಮುಂದೆ ಚಾಚಿ ಬೆರಳುಗಳನ್ನು ಅಡ್ಡ ಹಿಡಿ, ದಿಗಂತದಿಂದ ಸೂರ್ಯನಿಗೆ ಎಷ್ಟು ಬೆರಳು ಎಣಿಸು. ವೆಟ್ ತಾವೂ ಹಾಗೇ ಮಾಡಿದರು. ಪ್ರಾಕ್ನೋಗೆ ಸಿಕ್ಕಿದ್ದು ನಾಲ್ಕು ಬೆರಳು, ವೆಟ್‌ಗೆ ಎರಡು. ಮುಳುಗುವ ಸೂರ್ಯ ಅವನಿಗೆ ಹೆಚ್ಚು ಎತ್ತರದಲ್ಲಿ ಕಾಣುತ್ತಿದ್ದಾನೆಂದರೆ ಅವನು ತಮಗಿಂತ ಪಶ್ಚಿಮದಲ್ಲಿದ್ದಾನೆ. ಸೂರ್ಯನ ಎತ್ತರದಲ್ಲಿ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಸಮುದ್ರದ ಮೇಲೆ 60 ನಾಟಿಕಲ್ ಮೈಲಿ ಅಂತರ. ಹೀಗೆ ಬೆರಳೆಣಿಕೆಯಲ್ಲೇ ಶುರುವಾದ ಹುಡುಕಾಟ ರೇಡಿಯೋ ಕೇಳಿಸುವ ಗಡಿ, ಸೂರ್ಯಾಸ್ತದ ಸಮಯದ ವ್ಯತ್ಯಾಸ ಎಂದು ಮುಂದುವರಿಯಿತು. ಕೊನೆಗೆ ಕತ್ತಲಲ್ಲಿ ಪ್ರಾಕ್ನೋಗೆ ಸಮುದ್ರದಲ್ಲಿ ಎಳೆದೊಯ್ಯುತ್ತಿದ್ದ ಒಂದು ತೈಲ ಬಾವಿಯ ರಿಗ್‌ನ ದೀಪ ಕಂಡಿತು. ರಿಗ್ ಇರುವ ಜಾಗ ಗೊತ್ತಾಯಿತು, ದ್ವೀಪದ ದಾರಿಯೂ ಗೊತ್ತಾಯಿತು. 23 ಗಂಟೆಗೂ ಹೆಚ್ಚು ಕಾಲ ಗಾಳಿಯಲ್ಲಿದ್ದ ಸೆಸ್ನಾ ಕಡೆಗೂ ನೆಲ ಮುಟ್ಟಿತು.

ಈ ಪ್ರಸಂಗದಲ್ಲಿ ವೆಟ್ ಮಾಡಿದ್ದನ್ನು ಸ್ವಲ್ಪ ಗಮನಿಸಬೇಕು. ತನಗೆ ಕಾಣದ ಇನ್ನೊಂದು ವಿಮಾನದಲ್ಲಿ, ತಾನು ನೋಡಿರದ ಇನ್ನೊಬ್ಬ ಪೈಲಟ್‌ನ ಕಣ್ಣಿಗೆ ಏನು ಕಾಣುತ್ತಿದೆ ಎಂದು ಅವರು ಕೇಳಿದರು. ಅವನ ಉತ್ತರವನ್ನು ನಂಬಿ ಲೆಕ್ಕ ಹಾಕಿದರು. ಮುಂದೆ ಅವರ ಬದುಕನ್ನು ಬದಲಿಸಿದ್ದೂ ಇದೇ ಪ್ರಶ್ನೆ. ಆದರೆ ಆ ಸಲ ಉತ್ತರ ಹೇಳಲು ಆಚೆ ಕಡೆ ಯಾರೂ ಬದುಕಿರಲಿಲ್ಲ. ಇನ್ನೊಂದು ವಿಷಯ. ಪ್ರಾಕ್ನೋನನ್ನು ಹುಡುಕಿದ ದಿನ ವೆಟ್ ಜೊತೆ ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್ ಗಾರ್ಡನ್ ಬ್ರೂಕ್ಸ್. ಒಂದು ವರ್ಷ ತುಂಬುವುದರೊಳಗೆ ಬ್ರೂಕ್ಸ್ ಇನ್ನೊಂದು ಡಿಸಿ-10ರಲ್ಲಿ ಅಂಟಾರ್ಕ್ಟಿಕಾದ ಕಡೆ ಹೊರಟರು.

ಏರ್ ನ್ಯೂಜಿಲೆಂಡ್ 1977ರಿಂದ ಅಂಟಾರ್ಕ್ಟಿಕಾ ನೋಡಿಕೊಂಡು ಬರುವ ವಿಮಾನಯಾತ್ರೆ ನಡೆಸುತ್ತಿತ್ತು. ಬೆಳಿಗ್ಗೆ ಹೊರಟು, ಹಿಮಖಂಡದ ಮೇಲೆ ಸುತ್ತಿ, ಇಳಿಯದೆ ಸಂಜೆಗೆ ವಾಪಸ್. 1979ರ ನವೆಂಬರ್ 28ರಂದು ಹೊರಟ 901ನೇ ಸಂಖ್ಯೆಯ ವಿಮಾನದಲ್ಲಿ 237 ಪ್ರಯಾಣಿಕರು, 20 ಸಿಬ್ಬಂದಿ ಇದ್ದರು. ಕ್ಯಾಪ್ಟನ್ ಜಿಮ್ ಕಾಲಿನ್ಸ್. ಮಧ್ಯಾಹ್ನ 12.50ರ ಹೊತ್ತಿಗೆ ಅದು ರಾಸ್ ದ್ವೀಪದ ಎರೆಬಸ್ ಪರ್ವತದ ಕೆಳ ಇಳಿಜಾರಿಗೆ, ಸಮುದ್ರಮಟ್ಟದಿಂದ ಸುಮಾರು 447 ಮೀಟರ್ ಎತ್ತರದಲ್ಲಿ ಬಡಿಯಿತು. 257 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಗ ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 31 ಲಕ್ಷ. ಸತ್ತವರಲ್ಲಿ ಯಾರಾದರೊಬ್ಬರ ಪರಿಚಯವಿರುವವರು ಊರೂರಲ್ಲೂ ಇದ್ದರು ಎಂದರೆ ಅತಿಶಯವಲ್ಲ.

ಎರೆಬಸ್ 3,794 ಮೀಟರ್ ಎತ್ತರದ ಜ್ವಾಲಾಮುಖಿ. ಇಷ್ಟು ದೊಡ್ಡ ಬೆಟ್ಟ ಕಾಣಲಿಲ್ಲವೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಗಾಬರಿ ಇರಲಿಲ್ಲ. ನೆಲ ಹತ್ತಿರವಾಗುತ್ತಿದೆ ಎಂದು ಯಂತ್ರ ಕೂಗಿದ್ದು ಬಡಿಯುವುದಕ್ಕೆ ಆರು ಸೆಕೆಂಡು ಮೊದಲು. ಆಗಲೂ ಕಾಲಿನ್ಸ್ ಶಾಂತ ದನಿಯಲ್ಲೇ ಎಂಜಿನ್‌ಗೆ ಪೂರ್ಣ ಶಕ್ತಿ ಕೊಡಲು ಹೇಳಿದರು.

ಮುಖ್ಯ ಅಪಘಾತ ತನಿಖಾಧಿಕಾರಿ ರಾನ್ ಚಿಪಿಂಡೇಲ್ ಅವರ ವರದಿ 1980ರ ಜೂನ್‌ನಲ್ಲಿ ಹೊರಬಂತು. ಅವರೂ ನ್ಯೂಜಿಲೆಂಡ್ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ತನಿಖೆಯ ಮೇಜಿಗೆ ಬಂದವರು. ವಿಮಾನ ಎಲ್ಲಿದೆ ಎಂದು ಖಚಿತವಿಲ್ಲದಿದ್ದರೂ, ನೆಲ ಮತ್ತು ದಿಗಂತ ಸರಿಯಾಗಿ ಕಾಣದ ಕಡೆಗೆ ಕೆಳಮಟ್ಟದಲ್ಲೇ ಮುಂದುವರಿಯಲು ಕ್ಯಾಪ್ಟನ್ ತೆಗೆದುಕೊಂಡ ನಿರ್ಧಾರವೇ ಸಂಭಾವ್ಯ ಕಾರಣ ಎಂಬುದು ಅವರ ವರದಿಯ ತಿರುಳು. ಇದಕ್ಕೆ ಆಧಾರ ಇಲ್ಲದೇ ಇರಲಿಲ್ಲ. ಬೆಟ್ಟ ದಾಟುವ ತನಕ 16,000 ಅಡಿಗಿಂತ ಕೆಳಗೆ, ದಾಟಿದ ಮೇಲೂ 6,000 ಅಡಿಗಿಂತ ಕೆಳಗೆ ಇಳಿಯಬಾರದೆಂದು ನಿಯಮವಿತ್ತು. ಕಾಲಿನ್ಸ್ 1,500 ಅಡಿಯ ಹತ್ತಿರ ಹಾರುತ್ತಿದ್ದರು. ಕಾಗದದ ಮೇಲೆ ಕೇಸು ಅಲ್ಲಿಗೆ ಮುಗಿಯುತ್ತಿತ್ತು.

ವೆಟ್‌ಗೆ ಮುಗಿಯಲಿಲ್ಲ. ಕಾಲಿನ್ಸ್ ಎಂಥ ಪೈಲಟ್ ಎಂದು ಅವರಿಗೆ ಗೊತ್ತಿತ್ತು. ದಾರಿ ಖಚಿತವಿಲ್ಲದೆ ಪ್ರಯಾಣಿಕರನ್ನು ಕೂರಿಸಿಕೊಂಡು ಬೆಟ್ಟದ ಕಡೆ ನುಗ್ಗುವವರಲ್ಲ ಅವರು. ನುರಿತ ಸಿಬ್ಬಂದಿ ಕಾಕ್‌ಪಿಟ್‌ನಲ್ಲಿದ್ದೂ ಯಾರೊಬ್ಬರೂ 'ಎದುರಿಗೆ ಬೆಟ್ಟ' ಎನ್ನಲಿಲ್ಲವೆಂದರೆ ಅವರಿಗೆ ಬೇರೇನೋ ಕಂಡಿರಬೇಕು. ಏನದು?

ಉತ್ತರದ ಒಂದು ತುಂಡು ಕಂಪ್ಯೂಟರಿನಲ್ಲಿತ್ತು. ಆ ವಿಮಾನ ಅಕ್ಷಾಂಶ ರೇಖಾಂಶಗಳನ್ನು ತುಂಬಿಸಿದರೆ ತಾನೇ ದಾರಿ ಹಿಡಿದು ಹೋಗುತ್ತದೆ. ಮೂಲ ದಾರಿ ಎರೆಬಸ್ ಮೇಲೆ ಹಾದುಹೋಗಬೇಕಿತ್ತು. 1978ರಲ್ಲಿ ಅದನ್ನು ಕಂಪ್ಯೂಟರಿಗೆ ಹಾಕುವಾಗ 166 ಡಿಗ್ರಿ ರೇಖಾಂಶದ ಬದಲು 164 ಎಂದು ಟೈಪ್ ಆಯಿತು. ಒಂದು ಅಂಕಿಯ ತಪ್ಪು. ಅದರಿಂದ ದಾರಿ ಬೆಟ್ಟದಿಂದ ಪಶ್ಚಿಮಕ್ಕೆ ಸರಿದು, ಮಕ್‌ಮರ್ಡೋ ಸೌಂಡ್ ಎಂಬ ಹಿಮ ಹೆಪ್ಪುಗಟ್ಟಿದ ಚಪ್ಪಟೆ ಕೊಲ್ಲಿಯ ಮಧ್ಯೆ ಬಂದು ನಿಂತಿತು. ತಪ್ಪಿನಿಂದ ಸಿಕ್ಕ ಈ ದಾರಿ ಮೂಲದ್ದಕ್ಕಿಂತ ಕ್ಷೇಮವಾಗಿತ್ತು. ಕಾಲಿನ್ಸ್ ಮತ್ತು ಸಂಗಡಿಗರಿಗೆ 19 ದಿನ ಮೊದಲು ತರಬೇತಿಯಲ್ಲಿ ತೋರಿಸಿದ್ದೂ ಇದೇ ದಾರಿ. ಹೊರಡುವ ಹಿಂದಿನ ರಾತ್ರಿ ಕಾಲಿನ್ಸ್ ಮನೆಯಲ್ಲಿ ಅಟ್ಲಾಸ್ ಹರಡಿಕೊಂಡು ತಾವು ಹೋಗುವ ದಾರಿಯನ್ನು ಮಕ್ಕಳಿಗೆ ತೋರಿಸಿದ್ದರು.

ಅದೇ ರಾತ್ರಿ, ವಿಮಾನ ಹೊರಡಲು ಏಳು ಗಂಟೆಯೂ ಇಲ್ಲದಿರುವಾಗ, ಸಂಸ್ಥೆಯ ನ್ಯಾವಿಗೇಶನ್ ವಿಭಾಗದವರು ಕಂಪ್ಯೂಟರಿನಲ್ಲಿ ಆ ಬಿಂದುವನ್ನು 'ಸರಿಪಡಿಸಿದರು'. ಎರಡೇ ಮೈಲಿಯ ಸಣ್ಣ ತಿದ್ದುಪಡಿ ಎಂದು ಅವರು ತಿಳಿದಿದ್ದರು. ನಿಜದಲ್ಲಿ ಕೊನೆಯ ಬಿಂದು 27 ಮೈಲಿ ಪೂರ್ವಕ್ಕೆ ಸರಿಯಿತು. ದಾರಿ ನೇರ ಎರೆಬಸ್ ಮೇಲೆ ಬಂತು. ಸಿಬ್ಬಂದಿಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಕೈಗೆ ಕೊಟ್ಟ ಹಾಳೆಯ ಅಂಕಿಗಳನ್ನು ಅವರು ನಂಬಿ ಯಂತ್ರಕ್ಕೆ ತುಂಬಿಸಿದರು.

ಇದರಿಂದ ವಿಮಾನ ಅಲ್ಲಿಗೆ ಹೇಗೆ ಹೋಯಿತು ಎಂದು ಗೊತ್ತಾಗುತ್ತದೆ. ಬೆಟ್ಟ ಯಾಕೆ ಕಾಣಲಿಲ್ಲ ಎಂದು ಗೊತ್ತಾಗುವುದಿಲ್ಲ. ವೆಟ್ ಅವರ ದುಡಿಮೆ ಇರುವುದು ಇಲ್ಲಿ. ಅವರು ನಕ್ಷೆ, ಪ್ರಯಾಣಿಕರ ಕ್ಯಾಮೆರಾಗಳಲ್ಲಿ ಉಳಿದ ಚಿತ್ರಗಳು, ಧ್ವನಿಮುದ್ರಣ, ಕಣ್ಣು ಮತ್ತು ಮಿದುಳು ಕೆಲಸ ಮಾಡುವ ರೀತಿಯ ಅಧ್ಯಯನ ಎಲ್ಲವನ್ನೂ ಒಟ್ಟಿಗಿಟ್ಟು ಕೂತರು. ಆಸ್ಟ್ರೇಲಿಯಾದ ಮೋನಾಶ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಾಸ್ ಡೇ ಅವರ ದೃಷ್ಟಿಗ್ರಹಣದ ಅರಿವೂ ಈ ವಿಚಾರಣೆಗೆ ಒದಗಿತು.

ಮಕ್‌ಮರ್ಡೋ ಸೌಂಡ್‌ನಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದರೆ ಎಡಕ್ಕೆ ಕಪ್ಪು ಬಂಡೆಯ ಕೇಪ್ ರಾಯ್ಡ್ಸ್, ಬಲಕ್ಕೆ ಕೇಪ್ ಬರ್ನಾಚಿ ಕಾಣಬೇಕು. ವಿಮಾನ ನಿಜವಾಗಿ ಹೊಕ್ಕಿದ್ದು ಪಕ್ಕದ ಲೂಯಿಸ್ ಕೊಲ್ಲಿಯನ್ನು. ಅಲ್ಲಿಯೂ ಎಡಕ್ಕೊಂದು ಕಪ್ಪು ಬಂಡೆ, ಕೇಪ್ ಟೆನಿಸನ್. ಬಲಕ್ಕೊಂದು, ಕೇಪ್ ಬರ್ಡ್. ಕಾಲಿನ್ಸ್ ನಿರೀಕ್ಷಿಸಿದ ಚಿತ್ರವೇ ಎರಡೂ ಬದಿಯಲ್ಲಿ ಎದ್ದು ನಿಂತಿತ್ತು. ನಡುವೆ ಎದುರಿಗೆ ಇದ್ದದ್ದು ಏರುತ್ತಾ ಹೋಗುವ ಹಿಮದ ಇಳಿಜಾರು, ಮೇಲೆ ಒಂದೇ ಸಮನೆ ಮುಚ್ಚಿದ ಮೋಡ, ಹಿಂದಿನಿಂದ ಬೀಳುವ ಬಿಸಿಲು. ಇಂಥ ಬೆಳಕಿನಲ್ಲಿ ಹಿಮದ ಮೇಲೆ ನೆರಳೇ ಬೀಳುವುದಿಲ್ಲ. ಏರು ಏರಾಗಿ ಕಾಣದೆ, ದೂರದವರೆಗೆ ಹಾಸಿದ ಚಪ್ಪಟೆ ಬಯಲಿನಂತೆ ಕಾಣುತ್ತದೆ. ಇದನ್ನು ಸೆಕ್ಟರ್ ವೈಟ್‌ಔಟ್ ಎನ್ನುತ್ತಾರೆ.

ಆಗುಂಬೆ ಘಾಟಿಯ ಮಂಜಿನಲ್ಲಿ ಬಸ್ಸು ಓಡಿಸುವವರಿಗೆ ತನಗೆ ಕಾಣುತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಅವರು ನಿಧಾನಿಸುತ್ತಾರೆ, ಹಾರ್ನ್ ಹೊಡೆಯುತ್ತಾರೆ. ವೈಟ್‌ಔಟ್‌ನಲ್ಲಿ ಗಾಳಿ ಶುಭ್ರವಾಗಿರುತ್ತದೆ, ಅಕ್ಕಪಕ್ಕದ ಬಂಡೆಗಳು ಹತ್ತಾರು ಮೈಲಿ ದೂರದಿಂದ ಸ್ಪಷ್ಟವಾಗಿ ಕಾಣುತ್ತವೆ. ತನಗೆ ಎಲ್ಲ ಕಾಣುತ್ತಿದೆ ಎಂಬ ನಂಬಿಕೆಯಲ್ಲೇ ಪೈಲಟ್ ಮುಂದೆ ಹೋಗುತ್ತಾನೆ. ನಿಯಮ ಮುರಿದ ಮಾತಿಗೂ ಹಿನ್ನೆಲೆ ಇತ್ತು. ಹಿಂದಿನ ಯಾತ್ರೆಗಳೂ ಬಹಳ ಕೆಳಗೆ ಹಾರಿದ್ದವು, ಅದರ ಬಗ್ಗೆ ಪತ್ರಿಕೆಗಳಲ್ಲಿ ಮೆಚ್ಚುಗೆಯ ಬರಹಗಳೂ ಬಂದಿದ್ದವು. ಆ ದಿನ ಮಕ್‌ಮರ್ಡೋದ ಅಮೆರಿಕನ್ ನಿಯಂತ್ರಣ ಕೇಂದ್ರವೇ ರಾಡಾರ್ ನೆರವಿನಿಂದ 1,500 ಅಡಿಗೆ ಇಳಿಸಿಕೊಳ್ಳುವುದಾಗಿ ಹೇಳಿತ್ತು.

ಜನರ ಒತ್ತಾಯದಿಂದ ನೇಮಕವಾದ ರಾಯಲ್ ಕಮಿಷನ್‌ಗೆ ನ್ಯಾಯಮೂರ್ತಿ ಪೀಟರ್ ಮಹೋನ್ ಒಬ್ಬರೇ ಸದಸ್ಯರು. ವೆಟ್ ಅವರ ಮುಂದೆ ಸಾಕ್ಷ್ಯ ಹೇಳಿದರು. ಮಹೋನ್ 1980ರ ನವೆಂಬರ್‌ನಲ್ಲಿ ತಾವೇ ಅಂಟಾರ್ಕ್ಟಿಕಾಕ್ಕೆ ಹೋಗಿ ಆ ಬೆಳಕನ್ನು ಕಣ್ಣಾರೆ ನೋಡಿದರು. 1981ರ ಏಪ್ರಿಲ್‌ನಲ್ಲಿ ಬಂದ ಅವರ ವರದಿ ಸತ್ತ ಸಿಬ್ಬಂದಿಯನ್ನು ದೋಷಮುಕ್ತಗೊಳಿಸಿತು. ದಾರಿ ಬದಲಿಸಿ ಸಿಬ್ಬಂದಿಗೆ ಹೇಳದೇ ಹೋದ ಸಂಸ್ಥೆಯ ವ್ಯವಸ್ಥೆಯೇ ಪ್ರಧಾನ ಕಾರಣ ಎಂದಿತು. ಸಂಸ್ಥೆಯವರು ವಿಚಾರಣೆಯಲ್ಲಿ ಒಟ್ಟುಗೂಡಿ ಸತ್ಯ ಮುಚ್ಚಿದರೆಂದೂ ಮಹೋನ್ ಬರೆದರು. ಈ ಕೊನೆಯ ಆರೋಪವನ್ನು ಮೇಲಿನ ನ್ಯಾಯಾಲಯ ಒಪ್ಪಲಿಲ್ಲ. ಆರೋಪಕ್ಕೆ ಗುರಿಯಾದವರಿಗೆ ಉತ್ತರಿಸುವ ಅವಕಾಶ ಕೊಟ್ಟಿಲ್ಲ ಎಂಬ ಅಂಶದ ಮೇಲೆ 1983ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಮಹೋನ್ ವಿರುದ್ಧವೇ ಹೇಳಿತು. ಅಷ್ಟರಲ್ಲಿ ಮಹೋನ್ ನ್ಯಾಯಾಧೀಶ ಹುದ್ದೆ ಬಿಟ್ಟಾಗಿತ್ತು. ಅಪಘಾತದ ಕಾರಣದ ಬಗ್ಗೆ ಅವರು ಹೇಳಿದ್ದು ಮಾತ್ರ ಆ ಮೇಲ್ಮನವಿಗಳಲ್ಲಿ ಪ್ರಶ್ನೆಗೆ ಬರಲಿಲ್ಲ.

ಏರ್ ನ್ಯೂಜಿಲೆಂಡ್ ಆಗ ಸರ್ಕಾರದ್ದೇ ಸಂಸ್ಥೆ. ಅದರ ಸಂಬಳ ತಿನ್ನುತ್ತಲೇ ಅದು ಒಪ್ಪದ ಸತ್ಯವನ್ನು ಸಾಕ್ಷಿಕಟ್ಟೆಯಲ್ಲಿ ಹೇಳಿದವನ ಪಾಡು ಏನಾಗಬಹುದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ವೆಟ್ ಕೊನೆಗೆ ಸಂಸ್ಥೆ ತೊರೆದರು. 1983ರಲ್ಲಿ 'ಇಂಪ್ಯಾಕ್ಟ್ ಎರೆಬಸ್' ಎಂಬ ಪುಸ್ತಕ ತಂದರು. ನೆಲದ ಎಚ್ಚರಿಕೆ ಯಂತ್ರ ವಿಮಾನದ ಕೆಳಗಡೆಯನ್ನಷ್ಟೇ ಅಳೆಯುತ್ತದೆ, ಎದುರಿನ ಬೆಟ್ಟ ಅದಕ್ಕೆ ಗೊತ್ತಾಗುವುದೇ ಇಲ್ಲ, ಮುಂದೆ ನೋಡುವ ಯಂತ್ರ ಬೇಕು ಎಂದು ವಾದಿಸುತ್ತಾ ಬಂದರು. ಆ ಆರು ಸೆಕೆಂಡು ಸಾಲದು ಎಂಬುದು ಅವರ ವಾದದ ಬುಡ. 1990ರ ದಶಕದಲ್ಲಿ ಎಂಜಿನಿಯರ್ ಡಾನ್ ಬೇಟ್‌ಮನ್ ತಂಡ ಜಗತ್ತಿನ ಬೆಟ್ಟಗುಡ್ಡಗಳ ನಕ್ಷೆಯನ್ನೇ ಯಂತ್ರದೊಳಗಿಟ್ಟು ಅಂಥದ್ದೊಂದನ್ನು ಮಾಡಿತು. ಇವತ್ತು ನಾವು ಹತ್ತುವ ಪ್ರಯಾಣಿಕ ಜೆಟ್‌ಗಳಲ್ಲಿ ಈ ಬಗೆಯ ಯಂತ್ರ ಇರುತ್ತದೆ.

ವೆಟ್ ಹೇಳಿದ್ದನ್ನೆಲ್ಲ ಹಾಗೇ ಒಪ್ಪಬೇಕು ಎಂದು ನಾವು ಹೇಳುತ್ತಿಲ್ಲ. ಚಿಪಿಂಡೇಲ್ ಕೊನೆಯವರೆಗೂ ತಮ್ಮ ವರದಿಗೇ ನಿಂತರು. ಅವರ ಕಡೆಯ ಪ್ರಶ್ನೆ ಸಣ್ಣದಲ್ಲ: ಸತ್ತವರ ಗೆಳೆಯನೇ ತನಿಖೆಗೆ ಕೂತರೆ ಸತ್ತವರ ತಪ್ಪು ಅವನಿಗೆ ಕಾಣುತ್ತದೆಯೇ? ಮೇಜಿಗೆ ಬಂದ ಪೈಲಟ್‌ನ ಬಲವೂ ಕೊರತೆಯೂ ಇದೇ. ಆ ಆಸನದಲ್ಲಿ ಕೂತು ಗೊತ್ತಿರುವುದರಿಂದ ಹೊರಗಿನವರಿಗೆ ಹೊಳೆಯದ ಪ್ರಶ್ನೆ ಅವನಿಗೆ ಹೊಳೆಯುತ್ತದೆ. ಅದೇ ಕಾರಣಕ್ಕೆ ಅವನು ಕೇಳದೇ ಬಿಡುವ ಪ್ರಶ್ನೆಗಳೂ ಇರುತ್ತವೆ. ವೆಟ್ ಗೆದ್ದದ್ದು ಗೆಳೆತನದ ಮಾತಿನಿಂದಲ್ಲ. ಬಂಡೆಗಳು, ಬೆಳಕು, ಕೋನ, ದೂರ ಎಂದು ಬೇರೆಯವರೂ ಪರೀಕ್ಷಿಸಬಹುದಾದ ಲೆಕ್ಕವನ್ನು ಮುಂದಿಟ್ಟಿದ್ದರಿಂದ, ನ್ಯಾಯಾಧೀಶರೊಬ್ಬರು ಹೋಗಿ ನೋಡಿ ಬರಬಹುದಾದ ಹಾಗೆ ಹೇಳಿದ್ದರಿಂದ.

ಅಮೆರಿಕದಲ್ಲಿ ಈ ಮೇಜಿನ ಕೆಲಸ ಅಷ್ಟೊತ್ತಿಗೆ ಸಂಸ್ಥೆಯ ರೂಪ ಪಡೆದಿತ್ತು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಟಿಡಬ್ಲ್ಯುಎ ಸಂಸ್ಥೆಯ 514ನೇ ವಿಮಾನ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ನಿಯಂತ್ರಕರ ಒಂದು ಮಾತನ್ನು ಪೈಲಟ್‌ಗಳು ಬೇರೆ ರೀತಿ ಅರ್ಥಮಾಡಿಕೊಂಡಿದ್ದರು. ಆರು ವಾರ ಮೊದಲು ಯುನೈಟೆಡ್ ಸಂಸ್ಥೆಯ ವಿಮಾನವೊಂದು ಇದೇ ಗೊಂದಲದಲ್ಲಿ ಅದೇ ಬೆಟ್ಟದಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಅದರ ಪೈಲಟ್‌ಗಳು ತಮ್ಮ ಸಂಸ್ಥೆಗೆ ಹೇಳಿದ್ದರು, ಸಂಸ್ಥೆ ತನ್ನವರಿಗೆ ಹೇಳಿತ್ತು. ಸುದ್ದಿ ಪಕ್ಕದ ಸಂಸ್ಥೆಗೆ ದಾಟಲೇ ಇಲ್ಲ. ಇದರ ನಂತರ ತಪ್ಪುಗಳನ್ನು ಬರೆದು ತಿಳಿಸುವ ವ್ಯವಸ್ಥೆ ಬಂತು. ಆದರೆ ಲೈಸೆನ್ಸ್ ಕಿತ್ತುಕೊಳ್ಳುವ ಇಲಾಖೆಗೇ ತಪ್ಪೊಪ್ಪಿಗೆ ಬರೆದುಕೊಡುವವರು ಯಾರು? ಹಾಗಾಗಿ 1976ರಲ್ಲಿ ಅದನ್ನು ನಾಸಾಕ್ಕೆ ವಹಿಸಿದರು. ನಿವೃತ್ತ ಪೈಲಟ್‌ಗಳು, ನಿಯಂತ್ರಕರು ಅಲ್ಲಿ ಕೂತು ವರದಿಗಳನ್ನು ಓದುತ್ತಾರೆ. ಹೆಸರಿರುವ ಚೀಟಿಯನ್ನು ಹರಿದು ಬರೆದವರಿಗೇ ವಾಪಸ್ ಕಳುಹಿಸುತ್ತಾರೆ. ಪ್ರಶ್ನೆಗಳಿದ್ದರೆ ಹರಿಯುವ ಮುಂಚೆ ಫೋನ್ ಮಾಡುತ್ತಾರೆ. ಬದುಕಿರುವಾಗಲೇ 'ನಿಮಗೆ ಏನು ಕಂಡಿತು' ಎಂದು ಕೇಳಿಸಿಕೊಳ್ಳುವ ಏರ್ಪಾಡು ಅದು.

ಇದು ದೂರದ ದೇಶಗಳ ಮಾತು ಎನ್ನುವ ಹಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ದಾಟಿ ಕೆಳಗೆ ಬಿತ್ತು. 166 ಜನರಲ್ಲಿ 158 ಜನ ಸತ್ತರು. ನಮ್ಮ ಪತ್ರಿಕೆಗಳು ಆಗ ಬರೆದದ್ದು ಹೆಚ್ಚಾಗಿ 'ಪೈಲಟ್ ನಿದ್ದೆ' ಎಂದು. ತನಿಖಾ ನ್ಯಾಯಾಲಯದ ಮುಖ್ಯಸ್ಥರು ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ. ಹಾರಾಟದಿಂದ ಮೇಜಿಗೆ ಬಂದ ಇನ್ನೊಬ್ಬರು. ಕ್ಯಾಪ್ಟನ್ ಲ್ಯಾಂಡಿಂಗ್ ಕೈಬಿಟ್ಟು ಮೇಲೇರಬೇಕಿತ್ತು, ಏರಲಿಲ್ಲ ಎಂಬುದನ್ನು ಅವರ ವರದಿ ನೇರವಾಗಿ ಹೇಳುತ್ತದೆ. ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು. ಎಚ್ಚರಿಕೆ ಯಂತ್ರವೂ ಕೂಗಿತ್ತು. ವರದಿ ಅಲ್ಲಿಗೇ ನಿಲ್ಲುವುದಿಲ್ಲ. 2 ಗಂಟೆ 5 ನಿಮಿಷದ ಧ್ವನಿಮುದ್ರಣದಲ್ಲಿ ಮೊದಲ 1 ಗಂಟೆ 40 ನಿಮಿಷ ಇಬ್ಬರ ನಡುವೆ ಮಾತೇ ಇಲ್ಲ. ಗಾಢ ನಿದ್ದೆಯಿಂದ ಎದ್ದ ಮಿದುಳಿಗೆ ಮಂಪರು ಎಷ್ಟು ಹೊತ್ತು ಇರುತ್ತದೆ, ಬೆಳಗಿನ ಜಾವದಲ್ಲಿ ದೇಹ ಎಷ್ಟು ಕುಗ್ಗಿರುತ್ತದೆ, ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ಇಳಿಯಲು ಅನುಮತಿ ತಡವಾಗಿ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಉಳಿದದ್ದು ಹೇಗೆ, ಎಲ್ಲವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ನಂತರ 2012ರಲ್ಲಿ ನಮ್ಮಲ್ಲಿ ವಿಮಾನ ಅಪಘಾತ ತನಿಖೆಗೆಂದೇ ಪ್ರತ್ಯೇಕ ಬ್ಯೂರೋ ಬಂತು. ಅದಕ್ಕೂ ಮೊದಲು ನಿಯಮ ಮಾಡುವ ಇಲಾಖೆಯೇ ತನಿಖೆಯನ್ನೂ ನೋಡುತ್ತಿತ್ತು.

ವೆಟ್ 2015ರಲ್ಲಿ ತೀರಿಕೊಂಡರು. ನಾಲ್ಕು ವರ್ಷದ ನಂತರ, 2019ರ ನವೆಂಬರ್ 28ರಂದು, ಎರೆಬಸ್ ದುರಂತಕ್ಕೆ 40 ವರ್ಷ ತುಂಬಿದ ದಿನ, ಪ್ರಧಾನಿ ಜಸಿಂಡಾ ಆರ್ಡರ್ನ್ ಸರ್ಕಾರದ ಪರವಾಗಿ ಕುಟುಂಬಗಳ ಕ್ಷಮೆ ಕೇಳಿದರು. ತಪ್ಪು ಪೈಲಟ್‌ಗಳದ್ದಲ್ಲ ಎಂದು ಸರ್ಕಾರದ ಬಾಯಲ್ಲಿ ಬರಲು ಅಷ್ಟು ಕಾಲ ಬೇಕಾಯಿತು. ಅಟ್ಲಾಸ್‌ನಲ್ಲಿ ಅಪ್ಪ ದಾರಿ ತೋರಿಸಿದ್ದನ್ನು ಕಂಡ ಮಕ್ಕಳು ಆ ಹೊತ್ತಿಗೆ ನಡುವಯಸ್ಸು ದಾಟಿದ್ದರು.

ಇಷ್ಟನ್ನು ಬರೆಯುತ್ತಿರುವಾಗ ನಮ್ಮ ಹಳೆಯ ವರದಿಗಳ ಕಟ್ಟು ತೆಗೆದು ನೋಡಿದೆವು. 'ಚಾಲಕನ ಅಜಾಗರೂಕತೆ' ಎಂದು ನಾವು ಬರೆದ ಸಾಲುಗಳು ಅಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ನಿಜವೂ ಇರಬಹುದು. ಆದರೆ ಆ ತಿರುವಿಗೆ ಮತ್ತೆ ಹೋಗಿ, ಚಾಲಕ ಕೂತಿದ್ದ ಎತ್ತರದಲ್ಲಿ, ಅದೇ ಹೊತ್ತಿನ ಬೆಳಕಿನಲ್ಲಿ ನಿಂತು ನೋಡಿದ್ದು ನಮ್ಮಲ್ಲಿ ಒಬ್ಬರೂ ಇಲ್ಲ. ಮುಂದಿನ ಸಲ ಹೋಗಿ ನೋಡಬೇಕು.